ಹಳೇ ಗಲೀಫಿಗೆ ಹೊಸ ಹತ್ತಿ

ಬೆಳಗಿನ ಆರು ಗಂಟೆಗೆ ಬಾರಿಗೆ ಹೋಗಿ ಬರುತ್ತೇನೆ ಎಂದರೆ ಮನೆಯಲ್ಲಿ ಯಾರು ತಾನೇ ನಂಬುತ್ತಾರೆ? ಪತ್ರಿಕೆಗೆ ಬರೆಯುವ ಕೆಲಸವಿದೆ ಎಂದು ಎಷ್ಟು ಹೇಳಿದರೂ ಹೆಂಡತಿ ಬಾಗಿಲಲ್ಲಿ ನಿಂತು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿಯೇ ಕಳಿಸಿದಳು. ಲಕ್ಷ್ಮೇಶ್ವರದ ಈ ಬಾರಿನಲ್ಲಿ ಈ ಹೊತ್ತಿಗೆ ಕುರ್ಚಿಗಳೆಲ್ಲ ಟೇಬಲ್ಲಿನ ಮೇಲೆ ಕಾಲು ಮೇಲೆ ಮಾಡಿಕೊಂಡು ಮಲಗಿವೆ. ನೆಲಕ್ಕೆ ಫಿನೈಲು ಬಿದ್ದಿದೆ. ಒಳಗಿನ ಅಡುಗೆಮನೆಯಿಂದ ಉಳ್ಳಾಗಡ್ಡಿ ಹೆಚ್ಚುವ ಸದ್ದು. ಕೌಂಟರಿನ ಹಿಂದೆ ಚಕ್ಕಳಮಕ್ಕಳ ಹಾಕಿ ಕುಳಿತ ಅಝೀಮ ನದಾಫ ಒಂದು ಬಿಲ್ಲಿಂಗ್ ಮಷೀನಿನ ಹೊಟ್ಟೆ ಬಿಚ್ಚಿದ್ದಾರೆ. ಬಾಯಲ್ಲಿ ಕಚ್ಚಿಕೊಂಡಿದ್ದ ಸ್ಕ್ರೂಡ್ರೈವರ್ ತೆಗೆದು ಮಾತಾಡಿಸುತ್ತಾರೆ.

“ಬರ್ರಿ, ಕುಂಡ್ರಿ. ನಿನ್ನೆ ಯಾರೋ ಇದಕ್ಕ ಬಿಯರ್ ಕುಡಿಸ್ಯಾರ. ನಾ ಅಂತೂ ಕುಡಿಯಾಂವಲ್ಲ, ನನ್ನ ಮಷೀನಿಗೂ ಚಟ ಹತ್ತಸಬ್ಯಾಡ್ರಿ ಅಂತ ಎಷ್ಟ ಹೇಳಿದ್ರೂ ಕೇಳಂಗಿಲ್ಲ ಈ ಮಂದಿ.”

ಈ ಮಷೀನು ಹುಟ್ಟಿನಿಂದ ಬಾರಿನದಲ್ಲ. ಯಾವುದೋ ದೊಡ್ಡ ಬಟ್ಟೆ ಅಂಗಡಿಯಲ್ಲಿ ಸೀರೆಗಳ ಬಿಲ್ಲು ಹಾಕುತ್ತಿತ್ತು. ಅಂಗಡಿ ಮುಚ್ಚಿತು, ಮಷೀನು ಬೆಟಗೇರಿಯ ಗುಜರಿಗೆ ಬಂತು. ಬೆರಳಿನಿಂದ ಒತ್ತುವ ಪರದೆ, ಚೀಟಿ ಕೊಡುವ ಪ್ರಿಂಟರು ಎಲ್ಲ ಗಟ್ಟಿಯಾಗಿಯೇ ಇರುತ್ತವೆ. ಒಳಗಿನ ಸಾಫ್ಟ್‌ವೇರ್ ಮಾತ್ರ ಹಳೆಯ ಯಜಮಾನನನ್ನೇ ನೆನೆಯುತ್ತ, ಈಗ ಯಾರಿಗೂ ಗೊತ್ತಿಲ್ಲದ ಪಾಸ್‌ವರ್ಡ್ ಕೇಳುತ್ತ ಕೂತಿರುತ್ತದೆ. ಅಝೀಮ ಅದನ್ನು ಪೂರ್ತಿ ಅಳಿಸಿ, ಯಾರು ಬೇಕಾದರೂ ಬಳಸಬಹುದಾದ, ತಿದ್ದಿಕೊಳ್ಳಬಹುದಾದ ಪುಕ್ಕಟೆ ಸಾಫ್ಟ್‌ವೇರ್ ತುಂಬುತ್ತಾರೆ. ಶಿರಹಟ್ಟಿಯ ಔಷಧ ಅಂಗಡಿಯಲ್ಲಿ, ಮುಂಡರಗಿಯ ಖಾನಾವಳಿಯಲ್ಲಿ, ಡೋಣಿಯ ಕಿರಾಣಿ ಅಂಗಡಿಯಲ್ಲಿ ಇಂಥ ಮಷೀನುಗಳು ಎರಡನೇ ಜನ್ಮ ಎತ್ತಿ ದುಡಿಯುತ್ತಿವೆ. ಯಾವುದರ ಮೇಲೂ ಅಝೀಮರ ಹೆಸರಿಲ್ಲ.

ಇದನ್ನೆಲ್ಲ ಎಲ್ಲಿ ಕಲಿತಿರಿ ಎಂದರೆ ಅವರು ಕಂಪ್ಯೂಟರಿನ ಮಾತೇ ಎತ್ತುವುದಿಲ್ಲ. ಗಾದಿಯ ಮಾತು ಎತ್ತುತ್ತಾರೆ. ತಂದೆ ಶೇಖಸಾಬ ಹತ್ತಿ ಹಿಂಜುವವರು, ಊರೂರು ತಿರುಗಿ ಗಾದಿಯ ಗಲೀಫು, ಅಂದರೆ ಹೊದಿಕೆಯ ಚೀಲ, ಹೊಲಿಯುವವರು.

“ನಮ್ಮಪ್ಪ ಹಳೇ ಗಾದಿ ಬಿಚ್ಚಿ, ಗಂಟಗಂಟಾದ ಹತ್ತಿ ಹಿಂಜಿ, ಹೊಸಾ ಗಲೀಫಿನಾಗ ತುಂಬಿ ಕೊಡತಿದ್ರು. ಮಂದಿ ಅದರ ಮ್ಯಾಲೆ ಮಲಗಿ ಹೊಸಾ ಗಾದಿ ಅಂತಿದ್ರು. ನಂದೂ ಅದ ಕಸಬು, ಉಲ್ಟಾ ಅಷ್ಟ. ಗಲೀಫ ಹಳೇದು, ಒಳಗಿನ ಹತ್ತಿ ಹೊಸಾದು.”

ದಾರಿ ಅಷ್ಟು ನುಣುಪಾಗಿರಲಿಲ್ಲ. ಹರೆಯದಲ್ಲಿ ಟೇಪ್ ರೆಕಾರ್ಡರ್ ರಿಪೇರಿಯ ಅಂಗಡಿ ಇಟ್ಟರು, ಮೊಬೈಲು ಬಂದು ಅದನ್ನು ನುಂಗಿತು. ಮೊಬೈಲು ರಿಪೇರಿಗೆ ಕೂತರು, ಓಣಿಗೊಂದರಂತೆ ಅದೇ ಅಂಗಡಿಗಳಾದವು. ಗುಜರಿಯಿಂದ ತಂದ ಮೊದಲ ಬಿಲ್ಲಿಂಗ್ ಮಷೀನಿಗೆ ತಪ್ಪು ಅಡಾಪ್ಟರ್ ಹಾಕಿ ಮನೆತುಂಬ ಹೊಗೆ ಎಬ್ಬಿಸಿದ್ದನ್ನು ಹೆಂಡತಿ ರಹಿಮತಬಿ ಇನ್ನೂ ಮರೆತಿಲ್ಲ, ಮರೆಯಲು ಬಿಟ್ಟೂ ಇಲ್ಲ. ಬಾರಿನ ಕೆಲಸ ಬಂದಾಗ ತಾಯಿ ರಸೂಲಬಿ ಎರಡು ದಿನ ಮಗನ ಜೊತೆ ಮಾತು ಬಿಟ್ಟರು. ಕೊನೆಗೆ ಒಂದು ಷರತ್ತಿನ ಮೇಲೆ ಒಪ್ಪಿದರು. ಬೆಳಗಿನ ನಮಾಜು ಮುಗಿಸಿ ಹೋಗಬೇಕು, ಬಾಟಲಿ ಬಿಚ್ಚುವ ಹೊತ್ತಿಗೆ ಹೊರಗೆ ಬಂದಿರಬೇಕು. ಅಝೀಮರ ಬಾರಿನ ಕೆಲಸ ಬೆಳಗಿನ ಹೊತ್ತಿನಲ್ಲೇ ನಡೆಯುವುದಕ್ಕೆ ಕಾರಣ ಇದು.

ಹಾಗೆ ಬಂದಿದ್ದ ಒಂದು ಬೆಳಿಗ್ಗೆಯೇ ಅವರಿಗೆ ಹುಚ್ಚೀರಪ್ಪನವರ ಗುಟ್ಟು ಗೊತ್ತಾಯಿತು.

ಹುಚ್ಚೀರಪ್ಪ ಇಲ್ಲಿಯ ಅಡುಗೆಯವರು, ಬಾಳೆಹೊಸೂರಿನವರು. ಈಗಿನ ಮಾಲೀಕ ಸಿದ್ದಲಿಂಗೇಶ ಚಡ್ಡಿ ಹಾಕುತ್ತಿದ್ದ ಕಾಲದಿಂದ ಇಲ್ಲಿಯ ಅಡುಗೆಯ ಭಟ್ಟಿ ಇವರದೇ. ಬಾರಿನ ಪದ್ಧತಿ ಹೀಗಿತ್ತು: ಸಪ್ಲಾಯರ್ ಹುಡುಗರು ಕಿಂಡಿಯಲ್ಲಿ ಮುಖ ಹಾಕಿ ಆರ್ಡರ್ ಒದರುವುದು, ಕೊನೆಗೆ “ಕೇಳಿಸ್ತೇನ್ರಿ ಕಾಕಾ?” ಅನ್ನುವುದು, ಒಳಗಿನಿಂದ “ಹೂಂ” ಬರುವುದು. ಹೂಂ ಬಂತೆಂದರೆ ಮುಗಿಯಿತು. ಆದರೆ ಈಚೆಗೆ ಹೂಂ ಬಂದ ಮೇಲೂ ಆಮ್ಲೆಟ್ ಕೇಳಿದವರ ಮುಂದೆ ಮಿರ್ಚಿ ಬಂದು ಕೂರುತ್ತಿತ್ತು. ಗಿರಾಕಿಗಳು ರೇಗುತ್ತಿದ್ದರು. ಮುದುಕನಿಗೆ ಮರೆವು ಬಂದಿದೆ ಎಂದು ತಿಳಿದ ಸಿದ್ದಲಿಂಗೇಶ, ಅಮಾವಾಸ್ಯೆ ಕಳೆದ ಮೇಲೆ ಹೊಸ ಅಡುಗೆಯವನು ಬರುತ್ತಾನೆ ಎಂದು ಹೇಳಿಯೂಬಿಟ್ಟಿದ್ದರು.

ಅಂದು ಅಝೀಮ ಮಷೀನಿನ ಹಿಂದೆ ತಲೆ ಹಾಕಿಕೊಂಡೇ, “ಕಾಕಾ, ಆ ಬ್ಯಾಟರಿ ಕೊಡ್ರಿ” ಎಂದರು. ಹಿಂದಿನಿಂದ “ಹೂಂ” ಬಂತು, ಬ್ಯಾಟರಿ ಬರಲಿಲ್ಲ. ಮತ್ತೆ ಕೇಳಿದರೆ ಮತ್ತೆ ಹೂಂ. ಎದ್ದು ಬಂದು ಹುಚ್ಚೀರಪ್ಪನವರ ಮುಖ ನೋಡಿದಾಗ ಅರ್ಥವಾಯಿತು.

“ಎರಡ ವರ್ಷದಿಂದ ಬರೇ ಹೂಂ ಅಂದಕೋತ ಬಂದೇನಿ ತಮ್ಮಾ,” ಎಂದರಂತೆ ಹುಚ್ಚೀರಪ್ಪ. “ಕಿವಿಗೆ ಮಷೀನ್ ಹಾಕ್ಕೊಂಡು ನೋಡಿದೆ. ಭಟ್ಟಿ ಸಪ್ಪಳ ದೊಡ್ಡದಾಗಿ ಕೇಳತೈತಿ, ಮನಶ್ಯಾರ ಮಾತು ಕೇಳಂಗಿಲ್ಲ. ಸಾವಕಾರ್ರಿಗೆ ಹೇಳಬ್ಯಾಡ. ಈ ಭಟ್ಟಿ ಬಿಟ್ರ ನನಗ ಬ್ಯಾರೆ ಏನ ಬರತೈತಿ?”

ಅಝೀಮ ಹೇಳಲಿಲ್ಲ. ಬದಲಿಗೆ ಸಿದ್ದಲಿಂಗೇಶರ ಹತ್ತಿರ ಹೋಗಿ, ಹುಡುಗರು ಒದರುವುದು ಬೇಡ, ಕೌಂಟರಿನ ಪರದೆ ಒತ್ತಲಿ, ಒಳಗೆ ಕಾಕಾರ ಕೈಗೆ ಕನ್ನಡದಲ್ಲಿ ಚೀಟಿ ಬರಲಿ ಎಂದರು. ಸಿದ್ದಲಿಂಗೇಶರು ನಕ್ಕರು. “ಮರವಿಗೆ ಚೀಟಿ ಔಷಧ ಏನಪಾ? ಆತು, ಅಮಾವಾಸಿತನಕ ನೋಡೂಣು.”

ಗುಜರಿಯಿಂದ ತಂದ, ಅದೇ ಬಟ್ಟೆ ಅಂಗಡಿಯ ಇನ್ನೊಂದು ಹಳೆಯ ಪ್ರಿಂಟರನ್ನು ಭಟ್ಟಿಯ ಪಕ್ಕ ಗೋಡೆಗೆ ಕೂರಿಸಿದರು. ಅದಕ್ಕೆ ಗೊತ್ತಿದ್ದುದು ಇಂಗ್ಲಿಷ್ ಅಕ್ಷರ ಮಾತ್ರ. ಮೊದಲ ಚೀಟಿ ಬಂತು ನೋಡಿ, ಮೇಲಿನಿಂದ ಕೆಳಗಿನವರೆಗೆ ಬರೀ ಪ್ರಶ್ನೆಯ ಗುರುತು! ಹುಚ್ಚೀರಪ್ಪ ಚೀಟಿಯನ್ನು ಹಿಂದೆಮುಂದೆ ತಿರುಗಿಸಿ ನೋಡಿದರು. “ತಮ್ಮಾ, ಇದೂ ನನ್ನಂಗ ಕಿವುಡ ಐತಿ. ಏನು, ಏನು, ಏನು ಅಂತ ಕೇಳಾಕತ್ತೈತಿ.”

ಎರಡನೆಯ ದಿನ ಕನ್ನಡ ಬಂತು, ಆದರೆ ಒತ್ತಕ್ಷರಗಳೆಲ್ಲ ಕಳಚಿ ಬಿದ್ದಿದ್ದವು. ಉಳ್ಳಾಗಡ್ಡಿ ಎಂಬುದು ‘ಉಳಳಾಗಡಡಿ’ ಆಗಿ, ಓದಿದವರ ನಾಲಿಗೆ ತೊಡರಿತು. ಅಮಾವಾಸ್ಯೆ ಹತ್ತಿರ ಬರುತ್ತಿತ್ತು. ಅಝೀಮರಿಗೆ ನಿದ್ದೆ ಹತ್ತಲಿಲ್ಲ. ಕೊನೆಗೆ ಹೊಳೆದದ್ದು ಸರಳ ಉಪಾಯ. ಪ್ರಿಂಟರಿಗೆ ಅಕ್ಷರ ಬರದಿದ್ದರೇನು, ಚಿತ್ರ ಬರುತ್ತದಲ್ಲ! ಬಟ್ಟೆ ಅಂಗಡಿಯಲ್ಲಿದ್ದಾಗ ಅದು ಚೀಟಿಯ ತಲೆಗೆ ಅಂಗಡಿಯ ಗುರುತನ್ನು ಅಚ್ಚು ಹಾಕುತ್ತಿತ್ತು. ಹಾಗೆಯೇ ಪ್ರತಿ ಸಾಲು ಕನ್ನಡವನ್ನೂ ಚಿತ್ರ ಮಾಡಿ ಕಳಿಸಿದರು. ಉಳ್ಳಾಗಡ್ಡಿ ಉಳ್ಳಾಗಡ್ಡಿಯಾಗಿಯೇ ಇಳಿದು ಬಂತು.

ಇನ್ನು ಮಾತುಗಳ ಪಂಚಾಯಿತಿ. ‘ಹೆಚ್ಚುವರಿ ಖಾರದ ಹುರಿದ ಶೇಂಗಾ’ ಎಂದು ಅಝೀಮ ಬರೆದದ್ದನ್ನು ನೋಡಿ ರಹಿಮತಬಿ ಹಣೆ ಬಡಿದುಕೊಂಡರು. “ಭಟ್ಟಿ ಮುಂದ ನಿಂತಾಂವ ಇಷ್ಟುದ್ದ ಓದಿಕೋತ ಕುಂತ್ರ ಶೇಂಗಾ ಹೊತ್ತಿ ಹೋಗತಾವ” ಎಂದು ಬೈದು, ‘ಶೇಂಗಾ, ಖಾರ ಭಾಳ’ ಎಂದು ತಿದ್ದಿದರು. ಉಳಿದ ಪಟ್ಟಿಯನ್ನೂ ಅವರೇ ಬರೆದರು. ಬಾರಿನ ಹೊಸ್ತಿಲು ಕೂಡ ನೋಡದ ಈ ಹೆಣ್ಣುಮಗಳಿಗೆ ಇವತ್ತು ಬಾರಿನ ಊಟದ ಪಟ್ಟಿ ಪೂರ್ತಿ ಬಾಯಿಪಾಠ.

ಅಮಾವಾಸ್ಯೆಯ ಹಿಂದಿನ ಸಂಜೆ ಪರೀಕ್ಷೆ. ತಾಯಿಗೆ ಕೊಟ್ಟ ಮಾತಿಗೆ ಕಟ್ಟುಬಿದ್ದು ಅಝೀಮ ಒಳಗೆ ಕಾಲಿಡಲಿಲ್ಲ. ಹಿತ್ತಲ ಓಣಿಯಲ್ಲಿ, ಅಡುಗೆಮನೆಯ ಕಿಟಕಿಯ ಕೆಳಗೆ ನಿಂತುಕೊಂಡರು. ಒಳಗೆ ಜನ ತುಂಬಿದ್ದರು. ಚರ್ರ್ ಎಂದು ಚೀಟಿ ಹೊರಬರುವ ಸದ್ದು, ಬಾಣಲೆಯ ಸದ್ದು, ಮತ್ತೆ ಚರ್ರ್. ಹಳೆಯ ಚಾಳಿ ಬಿಡದ ಒಬ್ಬ ಸಪ್ಲಾಯರ್ ಕಿಂಡಿಯಲ್ಲಿ ಮುಖ ಹಾಕಿ ಕೈಸನ್ನೆ ಮಾಡುತ್ತ ಒದರತೊಡಗಿದನಂತೆ. ಹುಚ್ಚೀರಪ್ಪ ಸಟ್ಟುಗ ಎತ್ತಿ ಗದರಿಸಿದ್ದು ಓಣಿಗೂ ಕೇಳಿಸಿತು. “ಒದರಬ್ಯಾಡಲೇ, ಬರದು ಕಳಸು!”

ಅಂದು ಒಂದು ತಟ್ಟೆಯೂ ವಾಪಸು ಬರಲಿಲ್ಲ. ಸಿದ್ದಲಿಂಗೇಶರು ಕಿಂಡಿಯ ಬಳಿ ಬಹಳ ಹೊತ್ತು ನಿಂತು ನೋಡಿ, ಹಿತ್ತಲ ಬಾಗಿಲಿಗೆ ಬಂದು ಹೊಸ ಅಡುಗೆಯವನಿಗೆ ಬರಬೇಡ ಎಂದು ಫೋನು ಮಾಡಿದರು. ಅದನ್ನು ಕೇಳಿಸಿಕೊಂಡ ಅಝೀಮ ಕತ್ತಲ ಓಣಿಯಲ್ಲಿ ಒಬ್ಬರೇ ಚಪ್ಪಾಳೆ ಹೊಡೆದರಂತೆ. ಇದನ್ನು ಹೇಳುವಾಗ ಈಗಲೂ ಅವರ ಮುಖ ಕೆಂಪಗಾಗುತ್ತದೆ. ನನಗಂತೂ ಅಲ್ಲೇ ಇನ್ನೊಮ್ಮೆ ಚಪ್ಪಾಳೆ ಹೊಡೆಯಬೇಕೆನಿಸುತ್ತದೆ.

ಕಿವಿಯ ವಿಷಯವನ್ನು ಹುಚ್ಚೀರಪ್ಪ ತಾವೇ ಆಮೇಲೆ ಹೇಳಿದರು. “ಮೊದಲ ಹೇಳಾಕ ಏನಾಗಿತ್ರಿ?” ಎಂದು ಸಿದ್ದಲಿಂಗೇಶ ಗಟ್ಟಿಯಾಗಿ ಕೇಳಿದ್ದಕ್ಕೆ, “ನೀವು ಕೇಳಿದ್ದು ನನಗ ಕೇಳಿಸಿರಬೇಕಲ್ರಿ ಸಾವಕಾರ್ರ” ಎಂದು ಇಡೀ ಬಾರನ್ನೇ ನಗಿಸಿದರಂತೆ. ಪತ್ರಿಕೆಯಲ್ಲಿ ಬರೆಯಲೇ ಎಂದು ನಾನು ಹಾಳೆಯ ಮೇಲೆ ಬರೆದು ಕೇಳಿದೆ. “ಬರೀರಿ. ಹೂಂ ಅನ್ನಾವ್ರು ಇನ್ನೂ ಭಾಳ ಮಂದಿ ಅದಾರ” ಎಂದರು.

ಹತ್ತು ಗಂಟೆ ಸಮೀಪಿಸುತ್ತದೆ. ಕುರ್ಚಿಗಳು ಒಂದೊಂದಾಗಿ ಕೆಳಗಿಳಿಯುತ್ತಿವೆ. ಬಿಯರಿನ ಜಿಗುಟು ಒರೆಸಿಸಿಕೊಂಡು, ಒಣಗಿ, ಮಷೀನು ಬೆಳಕು ಬಿಟ್ಟಿದೆ. ಅಝೀಮ ಸಾಮಾನು ಚೀಲಕ್ಕೆ ತುಂಬಿ, ಹೊರಡುವ ಮುಂಚೆ ಪರದೆಯನ್ನು ಒತ್ತಿ ಒಂದು ಚೀಟಿ ಕಳಿಸುತ್ತಾರೆ. ನಾನು ಕಿಂಡಿಯಲ್ಲಿ ಬಗ್ಗಿ ನೋಡುತ್ತೇನೆ. ‘ಚಾ ಎರಡು, ಸಕ್ಕರಿ ಕಮ್ಮಿ’ ಎಂದಿದೆ. ಅದರ ಕೆಳಗೆ, ಪ್ರತಿ ಚೀಟಿಯ ಕೊನೆಗೂ ಅಝೀಮ ಸೇರಿಸಿರುವ ಹಳೆಯ ಸಾಲು: ‘ಕೇಳಿಸ್ತೇನ್ರಿ ಕಾಕಾ?’

ಹುಚ್ಚೀರಪ್ಪ ಚೀಟಿ ಹರಿದುಕೊಂಡು, ಮುಖದ ಹತ್ತಿರ ಹಿಡಿದು ಓದಿ, ಗೋಡೆ ನಡುಗುವಂತೆ ಕೂಗುತ್ತಾರೆ. “ಕೇಳಿಸ್ತೂ!”

ಅಝೀಮ ಚೀಲ ಹೆಗಲಿಗೇರಿಸಿ ನನ್ನ ಕಡೆ ನೋಡುತ್ತಾರೆ.

“ನೋಡಿದ್ರಿ? ಈಗ ಹೂಂ ಅನ್ನೂದ ಬಿಟ್ಟಾರ.”