ಉದ್ದ ಕಾರಿನ ತಳ ತಿಂದವನು

ಲಾರೆನ್ಸಣ್ಣ, ನಿಮ್ಮ ವೆಲ್ಡಿಂಗ್ ಬಿಟ್ಟಿರಲಿಲ್ಲ. ನನ್ನ ಮಾವನ ಕಾಲು ಕಾರಿನ ತಳ ತೂರಿ ರಸ್ತೆಗೆ ಇಳಿದದ್ದು ನಿಮ್ಮ ಕೆಲಸದ ದೋಷದಿಂದಲ್ಲ, ನನ್ನಿಂದ. ಅದು ನನಗೆ ಆ ದಿನವೇ ಗೊತ್ತಿತ್ತು — ಆ ಗಳಿಗೆಯಲ್ಲೇ ಗೊತ್ತಿತ್ತು. ಗೊತ್ತಿದ್ದೂ ನಿಮ್ಮ ಹೆಸರು ಹೇಳಿದೆ. ಹೇಳಿ ಹನ್ನೆರಡು ವರ್ಷ ಸುಮ್ಮನಿದ್ದೆ.

ನೀವಾದರೆ ಇಂಥದ್ದನ್ನೆಲ್ಲ ಚರ್ಚಿನಲ್ಲಿ ಪಾದ್ರಿಗಳ ಕಿವಿಗೆ ಹೇಳಿ ಹಗುರಾಗುತ್ತೀರಿ. ವಿಭೂತಿ ಹಚ್ಚುವ ನಮ್ಮ ಮನೆಗಳಲ್ಲಿ ಆ ಏರ್ಪಾಡು ಇಲ್ಲ. ನಮ್ಮ ಸ್ವಾಮಿಗಳ ಹತ್ತಿರ ಹೋಗಿ ಕಾರಿನ ವಿಷಯ ಎತ್ತಿದರೆ ಅವರು ಮೊದಲು ಎಷ್ಟು ಮೈಲೇಜ್ ಕೊಡುತ್ತೆ ಎಂದು ಕೇಳಿಯಾರು. ಆದ್ದರಿಂದ ನಿಮಗೇ ಬರೆಯುತ್ತಿದ್ದೇನೆ. ಹೊಂಗಡಹಳ್ಳದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಮಲ್ಲೇಶನನ್ನು ನೀವು ಮರೆತಿರಲಾರಿರಿ — ಆ ಉದ್ದ ಕಾರಿನವನು.

ಕಾರು ಮಾವನದು. ಆಲೂರಿನಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ರುದ್ರಪ್ಪನವರು ಅದನ್ನು ಇಪ್ಪತ್ತು ವರ್ಷ ಓಡಿಸಿದ್ದರು. ಹಿಂದುಗಡೆ ಡಿಕ್ಕಿಯ ಬದಲು ಒಂದು ಸಣ್ಣ ಕೋಣೆಯೇ ಇದ್ದ ಸ್ಟೇಷನ್ ವ್ಯಾಗನ್. ಕಣ್ಣು ಮಂಜಾಗಿ ಓಡಿಸಲಾಗದೆ ಹೋದಾಗ ಅದನ್ನು ನನಗೆ ಕೊಟ್ಟರು. ಕೊಡುವಾಗ ಬಾನೆಟ್ಟಿನ ಮೇಲೆ ಕೈಯಿಟ್ಟು ಒಂದೇ ಮಾತು ಹೇಳಿದ್ದರು: "ಇದು ಜನ ಕೂರೋ ಗಾಡಿ ಅಳಿಯಂದ್ರೆ. ಮೂಟೆ ಹೊರೋ ಗಾಡಿ ಅಲ್ಲ." ಆಗಲಿ ಮಾವ ಎಂದೆ. ಮಗಳನ್ನು ಕೊಡುವಾಗಲೂ ಅವರು ಇಷ್ಟು ಷರತ್ತು ಹಾಕಿರಲಿಲ್ಲ.

ನನ್ನ ಚಾಳಿ ನಿಮಗೆ ಗೊತ್ತು. ಒಂದು ವಸ್ತು ಸರಿಯಾಗಿ ನಡೆಯುತ್ತಿದ್ದರೆ ನನಗೆ ಸಮಾಧಾನವಿಲ್ಲ, ಬಿಚ್ಚಬೇಕು. ಭಾನುವಾರ ಬಂತೆಂದರೆ ಕಾರಿನ ಅಡಿಯಿಂದ ಎರಡು ಕಾಲು ಹೊರಗೆ ಚಾಚಿಕೊಂಡಿರುತ್ತಿದ್ದವು, ಅವು ನನ್ನವು. ಊಟಕ್ಕೆ ಕರೆಯಬೇಕಾದರೆ ಹೆಂಡತಿ ಗಿರಿಜ ಆ ಕಾಲುಗಳನ್ನೇ ಮಾತಾಡಿಸುತ್ತಿದ್ದಳು. ರೇಡಿಯೇಟರಿಗೆ ಸ್ಪ್ರೇ ಪಂಪಿನ ಪೈಪು ಹಾಕಿದೆ. ಕಾಫಿ ಹಣ್ಣು ಸುಲಿಯುವ ಪಲ್ಪರಿನ ಹಳೇ ಬೆಲ್ಟನ್ನು ಸೀಳಿ ಬಾಗಿಲಿಗೆ ರಬ್ಬರ್ ಮಾಡಿದೆ. ಎತ್ತಿದ ಹಿಂಬಾಗಿಲು ನಿಲ್ಲದೆ ತಲೆಯ ಮೇಲೆ ಬೀಳುತ್ತಿತ್ತು — ಅದಕ್ಕೆ ಕಾಫಿ ಗಿಡದ ಕೋಲು ಕೆತ್ತಿ ಆಸರೆ ಕೊಟ್ಟೆ. ಕೋಲು ನೋಡಲು ಬಹಳ ಚೆನ್ನಾಗಿತ್ತು, ಜಾರುತ್ತಿತ್ತು, ಅಷ್ಟೆ. ಕೊನೆಗೆ ಮೇಲೆ ಕ್ಯಾರಿಯರ್ ಕೂರಿಸಲು ಟಾಪಿಗೆ ಎಂಟು ತೂತು ಕೊರೆದು, ಆ ತೂತುಗಳಿಗೆ ಹಲಸಿನ ಮೇಣ ಮೆತ್ತಿದೆ. ನಮ್ಮಜ್ಜ ಒಡೆದ ಹಂಡೆಗೆ ಮೇಣ ಮೆತ್ತುತ್ತಿದ್ದರು, ಹನಿ ಸೋರುತ್ತಿರಲಿಲ್ಲ. ಆದರೆ ಅಜ್ಜನ ಹಂಡೆ ಬಿಸಿಲೆ ಘಾಟಿಯ ರಸ್ತೆಯಲ್ಲಿ ಕುಲುಕಾಡುತ್ತಾ ಹೋಗುತ್ತಿರಲಿಲ್ಲ.

ನನಗೆ ಬಾರದ ಕೆಲಸ ಒಂದೇ, ವೆಲ್ಡಿಂಗ್. ಅದಕ್ಕೇ ನಿಮ್ಮ ದೋಣಿಗಲ್ ಶೆಡ್ಡಿಗೆ ಬಂದದ್ದು. ಮುಂದಿನ ಎಡಗಡೆ ಸೀಟಿನ ಕೆಳಗೆ ತಗಡು ವಯಸ್ಸಾಗಿ ಸವೆದಿತ್ತು. ನೀವು ಸವೆದದ್ದನ್ನೆಲ್ಲ ಕತ್ತರಿಸಿ ತೆಗೆದು, ಹೊಸ ತಗಡು ಕೂರಿಸಿ, ಎರಡು ದಿನ ಕೂತು ಸುತ್ತ ವೆಲ್ಡಿಂಗ್ ಮಾಡಿದಿರಿ. ಮುಗಿದ ಮೇಲೆ ಅದರ ಮೇಲೆ ಹತ್ತಿ ನಿಂತು, "ಈ ತಳ ಕಾರಿಗಿಂತ ಜಾಸ್ತಿ ಬಾಳ್ತದೆ ಮಾರಾಯ್ರೆ" ಎಂದಿರಿ.

ಮಾವ ಅದನ್ನು ನೋಡಿ ಮೆಚ್ಚಿದ್ದರು. ಬಟ್ಟೆ ಅಂಗಡಿಯವರು ಹೊಲಿಗೆ ನೋಡುವ ಹಾಗೆ ಬಗ್ಗಿ, ಬೆರಳಾಡಿಸಿ ನೋಡಿದರು. ಅವರ ತಮ್ಮ ಆಗ ಶಾಲೆ ಮಕ್ಕಳನ್ನು ಕರೆದೊಯ್ಯಲು ಒಂದು ವ್ಯಾನಿನ ಚಾಸಿ ತರಿಸುವವರಿದ್ದರು. ಅದರ ಬಾಡಿ ಕಟ್ಟುವ ಕೆಲಸ ನಿಮಗೇ ಎಂದು ಮಾತಾಯಿತು. ಆ ಸುದ್ದಿ ತಂದವನು ನಾನೇ. ನೀವು ಅದೇ ವಾರ ಹೊಸ ಬೋರ್ಡು ಬರೆಸಿದಿರಿ: "ಲಾರೆನ್ಸ್ ವೆಲ್ಡಿಂಗ್ ಅಂಡ್". ಅಂಡ್ ಆದ ಮೇಲೆ ಜಾಗ ಖಾಲಿ. ಏನಿದು ಎಂದು ಕೇಳಿದರೆ, ಬಾಡಿ ವರ್ಕ್ಸ್ ಅಂತ ಬರೆಸಬೇಕು, ಮೊದಲು ಒಂದು ಬಾಡಿ ಕಟ್ಟಿ ಆಮೇಲೆ ಬರೆಸುತ್ತೇನೆ, ಮಾಡದ ಕೆಲಸವನ್ನು ಬೋರ್ಡಿನಲ್ಲಿ ಹಾಕಬಾರದು ಎಂದಿರಿ. ಆಗ ನಾನು ನಕ್ಕೆ. ಈಗ...

ಇನ್ನು ನನ್ನ ಕೆಲಸ ಹೇಳುತ್ತೇನೆ.

ಕಾಫಿಗೆ ಕೊಳೆರೋಗ ತಟ್ಟದಂತೆ ಮೈಲುತುತ್ತು, ಸುಣ್ಣ ಕಲಸಿದ ಬೋರ್ಡೋ ದ್ರಾವಣ ಹೊಡೆಯುವ ಕಾಲ. ಎಸ್ಟೇಟಿನ ಜೀಪು ಕೆಟ್ಟಿತ್ತು, ಮೈಲುತುತ್ತಿನ ಮೂಟೆಗಳು ಸಕಲೇಶಪುರದಲ್ಲಿ ಬಿದ್ದಿದ್ದವು, ಮಳೆ ಇವತ್ತೋ ನಾಳೆಯೋ ಎನ್ನುವಂತಿತ್ತು. ಮಾವನ ಕಾರಿನಲ್ಲಿ ತಂದೆ. ಒಂದೇ ಸಲ ಎಂದುಕೊಂಡು ನಾಲ್ಕು ಸಲ ತಂದೆ. ಸ್ಟೋರಿನಲ್ಲಿ ಜಾಗವಿಲ್ಲವೆಂದು ಬಾಯಿ ಹರಿದ ಒಂದು ಮೂಟೆ ಕಾರಿನಲ್ಲೇ ಉಳಿಯಿತು. ಎರಡು ದಿನದ ಮಟ್ಟಿಗೆ ಎಂದು ಬಿಟ್ಟದ್ದು ಮಳೆಗಾಲ ಪೂರ್ತಿ ಅಲ್ಲೇ ಇತ್ತು. ಟಾಪಿನಿಂದ ಹನಿ ಬೀಳುತ್ತಿತ್ತು, ಹನಿಗೆ ಮೈಲುತುತ್ತು ಕರಗುತ್ತಿತ್ತು. ಬ್ಯಾಟರಿ ವೀಕ್ ಆಗಿದ್ದರಿಂದ ಇಳಿಜಾರಿನಲ್ಲಿ ಉರುಳಿಸಿ ಸ್ಟಾರ್ಟ್ ಮಾಡಲು ಅನುಕೂಲವೆಂದು ನಾನು ಕಾರನ್ನು ಯಾವಾಗಲೂ ಮೂತಿ ಕೆಳಗೆ ಮಾಡಿ ನಿಲ್ಲಿಸುತ್ತಿದ್ದೆ. ಆ ನೀಲಿ ನೀರು ಮ್ಯಾಟಿನ ಅಡಿಯಲ್ಲಿ ಸದ್ದಿಲ್ಲದೆ ಮುಂದಕ್ಕೆ ಹರಿದು ನೀವು ಕೂರಿಸಿದ ತಗಡಿನ ಮೇಲೆ ನಿಂತಿತು.

ಇದರಲ್ಲಿ ನಾಚಿಕೆಗೇಡು ಏನೆಂದರೆ — ಮೈಲುತುತ್ತು ಕಬ್ಬಿಣವನ್ನು ತಿನ್ನುತ್ತದೆ ಎಂದು ಪ್ರತಿ ವರ್ಷ ಕೂಲಿ ಲೈನಿನ ಜನಕ್ಕೆ ಪಾಠ ಹೇಳುವವನೇ ನಾನು. ದ್ರಾವಣ ಹದಕ್ಕೆ ಬಂತೋ ಇಲ್ಲವೋ ನೋಡಲು ಕತ್ತಿಯ ಅಲಗು ಅದ್ದುತ್ತೇವೆ. ಅಲಗಿಗೆ ತಾಮ್ರದ ಕೆಂಪು ಹಿಡಿದರೆ ಸುಣ್ಣ ಸಾಲದು, ಇನ್ನಷ್ಟು ಹಾಕಬೇಕು. ಕಬ್ಬಿಣದ ಡ್ರಮ್ಮಿಗೆ ಹಾಕಬೇಡಿ, ತಳ ಇರುವುದಿಲ್ಲ ಎಂದು ಎಲ್ಲರಿಗೂ ಗದರಿದವನು, ಹೋಗಿ ಹೋಗಿ ಚಕ್ರವಿದ್ದ ಕಬ್ಬಿಣದ ಡ್ರಮ್ಮಿಗೇ ಹಾಕಿದ್ದೆ.

ಮಳೆ ಬಿಟ್ಟ ಮೇಲೆ ವನಗೂರಿನಲ್ಲಿ ನೆಂಟರ ಗೃಹಪ್ರವೇಶ. ಮೂಟೆ ಇಳಿಸಿ, ಕಾರು ಗುಡಿಸಿ, ಊದಿನಕಡ್ಡಿ ಹಚ್ಚಿ ಮಾವನನ್ನು ಮುಂದಿನ ಸೀಟಿನಲ್ಲಿ ಕೂರಿಸಿದೆ. ಬಿಳಿ ಪಂಚೆ, ಕಾಲಿಗೆ ಹೊಸ ಜೋಡು. ಮಾವನಿಗೆ ಒಂದು ಅಭ್ಯಾಸವಿತ್ತು. ಪಕ್ಕದ ಸೀಟಿನಲ್ಲೂ ತಮ್ಮ ಕಾಲಡಿ ಒಂದು ಬ್ರೇಕ್ ಇದೆ ಎಂದು ಅವರ ಕಾಲು ನಂಬಿತ್ತು. ನಾನು ತಿರುವಿನಲ್ಲಿ ಸ್ವಲ್ಪ ಜೋರಾಗಿ ಇಳಿದರೆ ಅವರು ಒತ್ತುತ್ತಿದ್ದರು. ವನಗೂರಿನ ಇಳಿಜಾರಿನಲ್ಲಿ ಎದುರಿಗೆ ಜೀಪು ಬಂತು. ನಾನು ನನ್ನ ಬ್ರೇಕ್ ಒತ್ತಿದೆ, ಅವರು ಅವರದ್ದು ಒತ್ತಿದರು. ನನ್ನದು ಅಷ್ಟಾಗಿ ಹಿಡಿಯಲಿಲ್ಲ. ಅವರದ್ದು ಮೊಣಕಾಲಿನವರೆಗೆ ಇಳಿಯಿತು.

ದೇವರು ದೊಡ್ಡವನು, ಜೀಪು ಪಕ್ಕಕ್ಕೆ ಸರಿದು ಹೋಯಿತು, ಮಾವನ ಕಾಲಿಗೆ ಒಂದು ತರಚು ಗಾಯ, ಅಷ್ಟೇ. ಜೋಡು ಮಾತ್ರ ರಸ್ತೆಯಲ್ಲಿ ಉಳಿಯಿತು, ಅದರ ಮೇಲೆ ಹಿಂದಿನ ಬಸ್ಸು ಹೋಯಿತು. ಹೊಸ ಮನೆಯ ಬಾಗಿಲಲ್ಲಿ ಮಾವ ಒಂದೇ ಜೋಡಿನಲ್ಲಿ ಇಳಿದರು. ಹೇಗೂ ಬಾಗಿಲಲ್ಲಿ ಬಿಡುವುದೇ ಅಲ್ಲವಾ ಮಾವ ಎಂದೆ, ಯಾರೂ ನಗಲಿಲ್ಲ. ನೆಂಟರೆಲ್ಲ ಕಾರಿನ ಸುತ್ತ ಸೇರಿದರು. ನಾನು ಬಗ್ಗಿ ಮ್ಯಾಟು ಎತ್ತಿದೆ. ತೂತಿನ ಅಂಚಿಗೆ ತಾಮ್ರದ ಕೆಂಪು ಹಿಡಿದಿತ್ತು. ಅದ್ದಿ ತೆಗೆದ ಕತ್ತಿಯ ಅಲಗಿನ ಹಾಗೆ, ಅದೇ ಬಣ್ಣ. ಲಾರೆನ್ಸಣ್ಣ, ತಗಡು ಹೋಗಿತ್ತು, ನೀವು ಸುತ್ತ ಎಳೆದ ವೆಲ್ಡಿಂಗಿನ ಗೆರೆ ಮಾತ್ರ ಇದ್ದಲ್ಲೇ ಇತ್ತು. ನಾನು ಮ್ಯಾಟನ್ನು ಹಾಗೇ ಕೆಳಗೆ ಬಿಟ್ಟೆ.

ಮಾವ ಕೇಳಿದರು: "ಅಳಿಯಂದ್ರೆ, ಈ ತಳ ಯಾರು ಮಾಡಿದ್ದು?"

"ಲಾರೆನ್ಸ್ ಮಾಡಿದ್ದು, ಮಾವ."

ಅಷ್ಟೇ. ಅದರಲ್ಲಿ ಒಂದು ಸುಳ್ಳಕ್ಷರವೂ ಇಲ್ಲ — ಮಾಡಿದವರು ನೀವೇ. ಎಷ್ಟು ವರ್ಷ ಆ ಒಂದು ಸಮಾಧಾನವನ್ನು ಹಿಡಿದುಕೊಂಡು ತಿರುಗಿದೆನೋ! ಮಾವ ಒಳಗೆ ಹೋಗಿ, ಊಟದ ಪಂಕ್ತಿಯಲ್ಲಿ ಕೂತು ಎಲ್ಲರಿಗೂ ಹೇಳಿದರು. ಅಂಗಡಿಯಲ್ಲಿ ಬಟ್ಟೆ ಹರಿಯುತ್ತಾ ಹೇಳಿದರು. ತಮ್ಮನಿಗೆ ಮೊದಲೇ ಹೇಳಿದ್ದರು. ವ್ಯಾನಿನ ಚಾಸಿ ನಿಮ್ಮ ಶೆಡ್ಡಿನ ಮುಂದೆಯೇ ಹಾದು ಬೇರೆ ಊರಿಗೆ ಹೋಯಿತು. ಆ ಮೇಲೆ ಆಲೂರಿನಿಂದ ಒಂದು ಗಾಡಿಯೂ ನಿಮ್ಮ ಹತ್ತಿರ ಬರಲಿಲ್ಲ. ನೀವು ಗೇಟು, ಕಿಟಕಿ ಸರಳು ಮಾಡುತ್ತಾ ಉಳಿದಿರಿ.

ಗೃಹಪ್ರವೇಶದ ಮಾರನೆಯ ದಿನ ನಾನು ಕಾರಿನ ತಳವನ್ನು ಸುಣ್ಣ ಹಾಕಿ ಉಜ್ಜಿದೆ. ಕೆಂಪು ಹೋಗುವವರೆಗೆ ಉಜ್ಜಿದೆ. ಕಾರಿಗೆ ಯಾಕೆ ಸುಣ್ಣ ಬಳಿಯುತ್ತಿದ್ದೀರಿ ಎಂದು ಗಿರಿಜ ಕೇಳಿದಳು, ಇರುವೆ ಬಂದಿದೆ ಎಂದೆ. ಆಮೇಲೆ ನಿಮ್ಮ ಶೆಡ್ಡಿಗೆ ತಂದೆ. ಬೇರೆ ಯಾರ ಹತ್ತಿರ ಹೋಗಲಿ, ಕೆಲಸ ಬಲ್ಲವರು ನೀವೊಬ್ಬರೇ! ನೀವು ಅಡಿಯಲ್ಲಿ ಮಲಗಿ ಬಹಳ ಹೊತ್ತು ನೋಡಿದಿರಿ. ಹೊರಗೆ ಬಂದು, "ನನ್ನ ವೆಲ್ಡಿಂಗ್ ಹಿಡಿದೇ ಉಂಟು ರೈಟ್ರೇ. ತಗಡು ಹೇಗೆ ಹೋಯ್ತು?" ಎಂದಿರಿ. ಮಳೆ ಎಂದೆ. ಎಂಟು ತೂತಿನ ಟಾಪು ತೋರಿಸಿದೆ. ಒಂದು ತಪ್ಪನ್ನು ಒಪ್ಪಿಕೊಂಡು ಇನ್ನೊಂದನ್ನು ಮುಚ್ಚಿದೆ, ಅಷ್ಟು ಜಾಣತನ ನನಗಿತ್ತು.

ನೀವು ಕೈ ಒರೆಸಿಕೊಳ್ಳುತ್ತಾ ನಿಂತಿದ್ದಿರಿ. ಹಾಗಾದರೆ ನಾನು ಆರಿಸಿದ ತಗಡೇ ಸರಿ ಇರಲಿಲ್ಲವೇನೋ ಎಂದಿರಿ — ನನಗಲ್ಲ, ನಿಮಗೇ ಹೇಳಿಕೊಂಡಿರಿ. ಆ ಮಾತನ್ನು ನಾನು ತಡೆಯಬಹುದಿತ್ತು. ತಡೆಯಲಿಲ್ಲ. ನೀವು ದಪ್ಪ ತಗಡು ತಂದು ಪೂರ್ತಿ ಹೊಸ ತಳ ಹಾಕಿದಿರಿ. ಕೂಲಿ ಬೇಡವೆಂದಿರಿ. ಕಾರು ತೆಗೆಯುವಾಗ ಕಾಗದದಲ್ಲಿ ಸುತ್ತಿದ ಒಂದು ಪೊಟ್ಟಣ ಕೊಟ್ಟಿರಿ. ಒಳಗೆ ಒಂದು ಜೊತೆ ಹೊಸ ಜೋಡು, ರಸ್ತೆಯಲ್ಲಿ ಹೋದದ್ದರ ಸುದ್ದಿ ನಿಮಗೂ ಮುಟ್ಟಿತ್ತು. ನಿಮ್ಮ ಮಾವನವರಿಗೆ ಕೊಡಿ, ತಪ್ಪಾಯ್ತು ಅಂತ ಹೇಳಿ ಎಂದಿರಿ.

ಅದನ್ನು ನಾನು ತೆಗೆದುಕೊಂಡು ಹೋಗಿ ಕೊಟ್ಟೆ, ಲಾರೆನ್ಸಣ್ಣ. ಅಳತೆಯೂ ಸರಿಯಾಗಿತ್ತು. ಕೆಲಸ ಬರದಿದ್ದರೂ ಮನುಷ್ಯ ಒಳ್ಳೆಯವನು ಎಂದು ಮಾವ ಅದನ್ನು ಸವೆಯುವವರೆಗೂ ಮೆಟ್ಟಿದರು. ನಾನು ಆಲೂರಿಗೆ ಹೋದಾಗಲೆಲ್ಲ ಅದು ಬಾಗಿಲಲ್ಲಿರುತ್ತಿತ್ತು. ನನ್ನ ಚಪ್ಪಲಿಯನ್ನು ದೂರ ಬಿಟ್ಟು ಒಳಗೆ ಹೋಗುತ್ತಿದ್ದೆ.

ಹೋದ ತಿಂಗಳು ಕಾರನ್ನು ಗುಜರಿಗೆ ಕೊಟ್ಟೆ. ಟಾಪು ಕೈಯಲ್ಲೇ ಹರಿದು ಬಂತು. ಬಾಗಿಲುಗಳು ಬಿದ್ದವು. ನಾನು ಮಾಡಿದ ರಿಪೇರಿಗಳೆಲ್ಲ ಒಂದೊಂದಾಗಿ ಉದುರಿದವು — ಕಾಫಿ ಕೋಲು ಮಾತ್ರ ಗಟ್ಟಿಯಾಗಿತ್ತು, ಅದು ಯಾವತ್ತೂ ಕೆಲಸ ಮಾಡಿರಲಿಲ್ಲವಲ್ಲ. ಗುಜರಿಯವನು ತಳಕ್ಕೆ ಸುತ್ತಿಗೆಯಲ್ಲಿ ಹೊಡೆದ. ಮತ್ತೆ ಹೊಡೆದ. ಇದು ಯಾರ ಕೆಲಸ, ಬಿಡ್ತಾನೇ ಇಲ್ಲ ಎಂದು ಕೇಳಿದ. ಅದೇ ಪ್ರಶ್ನೆ, ಹನ್ನೆರಡು ವರ್ಷ ಆದ ಮೇಲೆ. ಲಾರೆನ್ಸ್ ಮಾಡಿದ್ದು ಎಂದೆ, ಎಂದವನು ಅಲ್ಲೇ ಕಲ್ಲಿನ ಮೇಲೆ ಕೂತೆ. ನನಗೆ ಅಳು ಬಂತು. ಕಾರಿನ ಮೇಲೆ ಎಷ್ಟು ಪ್ರೀತಿ ನೋಡಿ ಎಂದು ಗುಜರಿಯವನು ನೀರು ತಂದುಕೊಟ್ಟ.

ಮಾರನೆಯ ದಿನ ಆಲೂರಿಗೆ ಹೋಗಿ ಮಾವನ ಮುಂದೆ ಎಲ್ಲವನ್ನೂ ಹೇಳಿದೆ. ಮೂಟೆ, ಮೇಣ, ಸುಣ್ಣ — ಎಲ್ಲ. ಅವರಿಗೆ ಈಗ ಕಣ್ಣು ಅಷ್ಟಾಗಿ ಕಾಣದು. ಬೈಯುತ್ತಾರೆ ಎಂದುಕೊಂಡೆ, ಬೈದಿದ್ದರೆ ಚೆನ್ನಾಗಿತ್ತು. ತಮ್ಮ ಕಾಲುಗಳನ್ನು ತಡವಿಕೊಂಡರು.

"ಆ ಜೋಡು ಅವ್ರು ಕೊಡೋದಲ್ಲ, ನೀವು ಕೊಡ್ಬೇಕಿತ್ತು ಅಳಿಯಂದ್ರೆ" ಎಂದರು. ಆಮೇಲೆ, "ನಾನು ಹತ್ತು ಜನದ ಎದುರಿಗೆ ಆಡ್ಬುಟ್ಟೆ. ಹತ್ತು ಜನದ ಎದುರಿಗೇ ವಾಪಸ್ ತಗೋಬೇಕು. ಕರ್ಕೊಂಡ್ ಹೋಗಿ" ಎಂದರು.

ಈ ಭಾನುವಾರ ಬೆಳಿಗ್ಗೆ ಬರುತ್ತೇವೆ. ನಿಮ್ಮ ಶೆಡ್ಡಿನ ಎದುರಿನ ಟೀ ಅಂಗಡಿಯಲ್ಲಿ ಲಾರಿಯವರು, ಎಸ್ಟೇಟಿನವರು ತುಂಬಿರುವ ಹೊತ್ತಿಗೇ ಬರುತ್ತೇವೆ. ಮಾವನ ತಮ್ಮನೂ ಬರುತ್ತಾರೆ. ಗುಜರಿಯವನಿಂದ ಬಿಡಿಸಿಕೊಂಡ ಆ ತಳದ ತುಂಡನ್ನು ತರುತ್ತೇನೆ. ನೀವು ಬಾಗಿಲು ಹಾಕಿಕೊಂಡರೆ ಹೊರಗೇ ನಿಂತು ಹೇಳುತ್ತೇವೆ. ನೀವು ಕ್ಷಮಿಸಬೇಕೆಂದು ಕೇಳುತ್ತಿಲ್ಲ. ಕೇಳುವ ಮುಖ ನನಗಿಲ್ಲ.

ಹೋದ ವಾರ ಬಸ್ಸಿನಲ್ಲಿ ದೋಣಿಗಲ್ ದಾಟುವಾಗ ನಿಮ್ಮ ಬೋರ್ಡು ನೋಡಿದೆ. ಬಣ್ಣ ಮಾಸಿದೆ. "ಲಾರೆನ್ಸ್ ವೆಲ್ಡಿಂಗ್ ಅಂಡ್" — ಮುಂದೆ ಇನ್ನೂ ಖಾಲಿ. ಪಕ್ಕದಲ್ಲಿದ್ದವರು ಅದನ್ನು ಓದಿ, ಪೂರ್ತಿ ಬರೆಸೋಕೆ ಮರೆತವ್ರೆ ಎಂದು ನಕ್ಕರು. ಭಾನುವಾರ ಮೊದಲು ಆ ಖಾಲಿ ಜಾಗದ ಕೆಳಗೆ ಬಂದು ನಿಲ್ಲುತ್ತೇನೆ, ಆ ಖಾಲಿ ಯಾರು ಮಾಡಿದ್ದು ಎಂದು ಅಲ್ಲಿಂದಲೇ ಹೇಳುತ್ತೇನೆ.