ಐದನೇ ಅಗಸಿ

ನಾನು ಮೊದಲ ಸಲ ಸರಿಯಾಗಿ ಗಮನಿಸಿದಾಗ ಗದಿಗೆಪ್ಪ ಕಾಕಾ ಉಸಿರು ಹಿಡಿದು ನಿಂತಿದ್ದರು. ಎದೆಯನ್ನು ಹಲಗೆಗೆ ಒತ್ತಿ, ಗದ್ದ ಮೇಲೆತ್ತಿ, ಎರಡೂ ಕೈ ಸೊಂಟದ ಮೇಲಿಟ್ಟು, ನಾನು ಹೇಳಿಕೊಟ್ಟ ಹಾಗೆಯೇ. ಎಕ್ಸ್‌ರೇ ಚಿತ್ರ ತೆಗೆದಾಗಿತ್ತು. ನಾನು ಒಳಗಿನ ಕೋಣೆಯಲ್ಲಿ ಪರದೆಯ ಮೇಲೆ ಅದು ಮೂಡುವುದನ್ನು ನೋಡಿ, ಮುಂದಿನವರ ಚೀಟಿ ಕೈಗೆತ್ತಿಕೊಂಡು ಹೊರಬಂದೆ. ಅವರು ಇನ್ನೂ ಹಾಗೆಯೇ ಇದ್ದರು. ಕಿವಿ ಕೆಂಪಾಗಿದ್ದವು, ಕುತ್ತಿಗೆಯ ನರ ಉಬ್ಬಿತ್ತು. ಹದಿನೈದು ಸೆಕೆಂಡು ಆಗಿರಬಹುದು. ಆ ಎದೆಗೆ ಅದು ಬಹಳ.

"ಅಯ್ಯ, ಉಸಿರು ಬಿಡ್ರಿ ಕಾಕಾ!"

ಬುಸ್ಸೆಂದು ಬಿಟ್ಟರು. ಕೆಮ್ಮಿದರು. ಕಣ್ಣೊರೆಸಿಕೊಂಡು ಹೇಳಿದರು: "ಹಿಡೀರಿ ಅಂದ್ರಿ. ಬಿಡ್ರಿ ಅಂತ ಅನ್ನಲೇ ಇಲ್ಲಲ್ರಿ ಅಕ್ಕಾರ. ಯಲವಿಗಿ ಹತ್ರ ಮೂವತ್ತೆರಡು ವರ್ಷ ರೇಲ್ವೆ ಗೇಟ್ ಕಾದಾಂವ ನಾ. ಸಿಗ್ನಲ್ ಬೀಳದ ನಮ್ಮ ಕಡೆ ಗಾಡಿ ಬಿಡಂಗಿಲ್ಲ."

ನಾನು ಶಿಗ್ಗಾಂವಿಯ ಒಂದು ಎಕ್ಸ್‌ರೇ ಕೇಂದ್ರದಲ್ಲಿ ಚಿತ್ರ ತೆಗೆಯುವವಳು. ಎದೆಯ ಚಿತ್ರ ಸರಿ ಬಂದಿದೆಯೇ ಎಂದು ತಿಳಿಯಲು ಹಿಂಬದಿಯ ಪಕ್ಕೆಲುಬುಗಳನ್ನು ಮೇಲಿನಿಂದ ಎಣಿಸುತ್ತೇವೆ. ತುಂಬಾ ಉಸಿರೆಳೆದು ನಿಂತವರಲ್ಲಿ ಹತ್ತು ಕಾಣುತ್ತವೆ. ಅವರ ಚಿತ್ರದಲ್ಲಿ ಎಂಟು ಕಂಡಿದ್ದವು. ಎರಡೂ ಪುಪ್ಪುಸಗಳ ತಳದಲ್ಲಿ ಜೇಡರ ಬಲೆಯಂಥ ಬಿಳುಪಿತ್ತು. ಇನ್ನೊಮ್ಮೆ ತೆಗೆಯೋಣ, ಜೋರಾಗಿ ಎಳೆದುಕೊಳ್ಳಿ ಎಂದೆ.

"ಎಷ್ಟನೇ ತೂತಿನಷ್ಟು ಎಳೀಲ್ರಿ?"

ನನಗೆ ಅರ್ಥವಾಗಲಿಲ್ಲ. ಗೂಟಕ್ಕೆ ಹಾಕಿದ್ದ ತಮ್ಮ ಅಂಗಿಯ ಕಿಸೆಯಿಂದ ಅವರು ಒಂದು ಮೌತ್ ಆರ್ಗನ್ ತೆಗೆದರು. ಹತ್ತು ತೂತಿನ, ಅಂಗೈಯಲ್ಲಿ ಮುಚ್ಚಿಹೋಗುವಷ್ಟು ಚಿಕ್ಕದು. ಅಂಚಿನ ಹೊಳಪೆಲ್ಲ ಸವೆದು ಹಿತ್ತಾಳೆ ಕಾಣುತ್ತಿತ್ತು. "ಇದರಾಗ ಒಂದನೇ ತೂತ ಎಳಿಯಾಕ ಹೊಟ್ಟೀತನ ಗಾಳಿ ಬೇಕು. ಆರನೇದಕ್ಕ ಗಂಟಲಷ್ಟ ಸಾಕು," ಎಂದು ಹೇಳಿ, ನಾನು ಬೇಡ ಎನ್ನುವ ಮೊದಲೇ ಬಾಯಿಗೆ ಹಚ್ಚಿದರು.

ಅರ್ಧ ನಿಮಿಷ ನುಡಿಸಿರಬೇಕು. ನಾನು ಕೇಳಿದ್ದ ಮೌತ್ ಆರ್ಗನ್ನುಗಳೆಲ್ಲ ಶಾಲೆಯ ವಾರ್ಷಿಕೋತ್ಸವದಲ್ಲಿ ಕುಣಿಯುತ್ತಿದ್ದವು. ಇದು ಕುಣಿಯಲಿಲ್ಲ. ಒಂದು ಸ್ವರವನ್ನು ಒಳಕ್ಕೆಳೆದು, ಅದನ್ನು ಬಗ್ಗಿಸಿ, ಬಗ್ಗಿದಲ್ಲೇ ಸ್ವಲ್ಪ ಹೊತ್ತು ನಿಂತಿತು. ಹೊರಗೆ ಬೆಂಚಿನ ಮೇಲಿದ್ದ ಒಬ್ಬರು ಬಾಗಿಲಿಗೆ ಬಂದು ಇಣುಕಿದರು. ಆಮೇಲೆ ಕಾಕಾನಿಗೆ ಕೆಮ್ಮು ಬಂತು.

ಆಗ ನಾನು ಆಡಿದ ಮಾತನ್ನು ಇದ್ದದ್ದು ಇದ್ದಂತೆ ಬರೆಯಬೇಕು. "ಕಾಕಾ, ಇನ್ನ ಮ್ಯಾಲ ಇದನ್ನ ಬಾಯಿಗೆ ಹಚ್ಚಬ್ಯಾಡ್ರಿ. ನಿಮ್ಮ ಎದಿಗೆ ಛಲೋ ಅಲ್ಲ."

ಹಾಗೆ ಹೇಳುವ ಅಧಿಕಾರ ನನಗಿರಲಿಲ್ಲ. ನಾನು ಚಿತ್ರ ತೆಗೆಯಬೇಕು. ಓದುವವರು, ಹೇಳುವವರು ಬೇರೆ. ಅವರ ಮೇಲಿನ ಕಾಳಜಿಯಿಂದ ಹೇಳಿದೆ ಎಂದು ಬಹಳ ದಿನ ನಂಬಿಕೊಂಡಿದ್ದೆ. ನಿಜವೆಂದರೆ ಹೊರಗೆ ಒಂಬತ್ತು ಜನ ಕಾಯುತ್ತಿದ್ದರು. ನನಗೆ ಸಾಲು ಸರಿಯಬೇಕಿತ್ತು.

ಅವರು ತಲೆಯಾಡಿಸಿದರು. "ಹೂನ್ರಿ." ಮೌತ್ ಆರ್ಗನ್ನನ್ನು, ಅವರ ಮಾತಿನಲ್ಲಿ ಬಾಜಾವನ್ನು, ಕರವಸ್ತ್ರದಲ್ಲಿ ಸುತ್ತಿ ಕಿಸೆಗೆ ಹಾಕಿಕೊಂಡರು.

ನಾಲ್ಕು ತಿಂಗಳ ನಂತರ ಇನ್ನೊಂದು ಚೀಟಿ ಹಿಡಿದು ಬಂದರು. ಈ ಸಲ ಹೆಂಡತಿ ನೀಲವ್ವ ಜೊತೆಗಿದ್ದರು. ಚಿತ್ರ ತೆಗೆದೆ. "ಬಿಡ್ರಿ" ಎನ್ನುವುದನ್ನು ಮರೆಯಲಿಲ್ಲ. ಏಳು ಪಕ್ಕೆಲುಬು. ಅವರು ಅಂಗಿ ತೊಡುತ್ತಿದ್ದಾಗ ನೀಲವ್ವ ನನ್ನ ಹತ್ತಿರ ಬಂದರು.

"ಅಕ್ಕಾರ, ನೀವ ಹೇಳಿದ್ರೇನು, ಬಾಜಾ ಹಚ್ಚಬ್ಯಾಡ ಅಂತ?"

ನಾನು ಹೌದು ಎಂದೆ.

"ಅವತ್ತಿಂದ ಮುಟ್ಟಿಲ್ಲ ನೋಡ್ರಿ. ಲಗ್ನ ಆದಾಗಿಂದ ಈ ಮನಿಶಾಗ ನಾ ಎರಡನೇ ಹೆಂಡ್ತಿ, ಮೊದಲ್ನೇಕಿ ಕಿಸೇದಾಗ ಅದಾಳ ಅಂತ ಬೈಕೋಂತ ಬಂದೇನಿ. ಈಗ ಆಕಿ ಸುಮ್ನ ಕುಂತಾಳ, ಇವ್ರೂ ಸುಮ್ನ ಕುಂತಾರ. ಮನ್ಯಾಗ ಗಡಿಯಾರದ ಸಪ್ಪಳ ಕೇಳತೈತಿ. ಹುಬ್ಬಳ್ಳಿ ಡಾಕ್ಟ್ರು ಮೊನ್ನೆ ಏನಂದ್ರು ಗೊತ್ತೇನ್ರಿ? ಊದ್ತಿದ್ರಂದ್ರ ಊದ್ಬೇಕಿತ್ತು, ಅದ ನಿಮಗ ಕಸರತ್ತು, ಯಾರು ಬಿಡಿಸಿದ್ರು ಅಂತ ಬೈದ್ರು. ಆದ್ರೂ ಇವ್ರು ಊದವಲ್ರು."

"ಯಾಕ ಕಾಕಾ?" ಎಂದು ಕೇಳಿದೆ.

ಗುಂಡಿ ಹಾಕಿಕೊಳ್ಳುತ್ತ ಅವರು ಸಮಾಧಾನದಿಂದ ಹೇಳಿದರು: "ಕೆಂಪು ಬಾವುಟ ಯಾರು ಹಿಡದಿರ್ತಾರೋ ಹಸಿರೂ ಅವರ ತೋರಿಸ್ಬೇಕ್ರಿ. ಬ್ಯಾರೆ ಯಾರೋ ದೂರ ನಿಂತು ಕೈ ಬೀಸಿದ್ರ ಗಾಡಿ ಬಿಡಾಕ ಬರಂಗಿಲ್ಲ. ಡಾಕ್ಟ್ರು ದೊಡ್ಡವ್ರು ಖರೆ. ಆದ್ರ ನಿಲ್ಲಿಸಿದವ್ರು ನೀವು."

ವ್ಯಂಗ್ಯವಿರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು. ನಾನು ಸಾಲು ಸರಿಯಲೆಂದು ಆಡಿದ ಮಾತನ್ನು ಅವರು ನಾಲ್ಕು ತಿಂಗಳು, ದಿನಕ್ಕೆ ಇಪ್ಪತ್ತನಾಲ್ಕು ತಾಸು, ಡ್ಯೂಟಿಯ ಹಾಗೆ ಪಾಲಿಸಿದ್ದರು. ಎಂಟು ಏಳಾದದ್ದು ಕಾಯಿಲೆಯಿಂದಲೋ ನನ್ನ ಮಾತಿನಿಂದಲೋ ನಾನು ಹೇಳಲಾರೆ. ಆ ಕಾಯಿಲೆಯಲ್ಲಿ ಪುಪ್ಪುಸ ಗಟ್ಟಿಯಾಗುತ್ತ ಹೋಗುತ್ತದೆ, ಹೇಗಿದ್ದರೂ ಹೋಗುತ್ತದೆ ಎಂದು ಡಾಕ್ಟರು ಆಮೇಲೆ ಹೇಳಿದರು. ಅದನ್ನೂ ಬರೆದಿಡುತ್ತೇನೆ. ಆದರೆ ಆ ನಾಲ್ಕು ತಿಂಗಳು ಅವರದಾಗಿತ್ತು, ಅದನ್ನು ನಾನು ತೆಗೆದುಕೊಂಡಿದ್ದೆ.

"ತಪ್ಪು ಹೇಳಿದ್ನಿ ಕಾಕಾ. ಊದ್ರಿ," ಎಂದೆ.

ಅಲ್ಲೇ ಕರವಸ್ತ್ರ ಬಿಚ್ಚಿದರು. ಅದೇ ಮೊದಲ ಸ್ವರವನ್ನು ಒಳಕ್ಕೆಳೆದರು. ಅರ್ಧಕ್ಕೆ ಕೆಮ್ಮು. ಮತ್ತೆ ಎಳೆದರು, ಮತ್ತೆ ಕೆಮ್ಮು. ಮೂರನೆಯ ಸಲ ಬಾಜಾವನ್ನು ಕೈಯಲ್ಲಿಟ್ಟುಕೊಂಡು ಅದನ್ನೇ ನೋಡುತ್ತ ನಿಂತರು. "ಮೂರನೇ ಅಗಸಿ ಮುಚ್ಚಿತು ನೋಡು, ನೀಲಾ," ಎಂದರು.

ಆ ಭಾನುವಾರವೇ ನಾನು ಸವಣೂರಿನ ಬಸ್ಸು ಹಿಡಿದು, ಅಲ್ಲಿಂದ ಟೆಂಪೋ ಹತ್ತಿ ಯಲವಿಗಿಗೆ ಹೋದೆ. ಯಾಕೆ ಹೋದೆ ಎಂದು ಅವರೂ ಕೇಳಲಿಲ್ಲ, ನೀಲವ್ವನೂ ಕೇಳಲಿಲ್ಲ. ಕಟ್ಟೆಯ ಮೇಲೆ ಕೂಡಿಸಿ, ಮಂಡಕ್ಕಿ ಒಗ್ಗರಣೆ ಕೊಟ್ಟರು. ಆಮೇಲೆ ಸುಮಾರು ಏಳು ತಿಂಗಳು ಹೆಚ್ಚುಕಡಿಮೆ ಪ್ರತಿ ಭಾನುವಾರ ಹೋದೆ. ಎರಡನೆಯ ವಾರ ಹುಬ್ಬಳ್ಳಿಯಿಂದ ನನಗೂ ಒಂದು ಹತ್ತು ತೂತಿನ ಬಾಜಾ ತರಿಸಿಕೊಂಡೆ. ಅಷ್ಟರಲ್ಲಿ ನಾನು "ಅಕ್ಕಾರ" ಹೋಗಿ "ತಂಗಿ" ಆಗಿದ್ದೆ.

ಅಗಸಿಯ, ಅಂದರೆ ಊರಬಾಗಿಲಿನ, ಕಥೆ ಆಗ ತಿಳಿಯಿತು. ಹಳಿ ಒಂದೇ ಇದ್ದ ಕಾಲದಲ್ಲಿ ಎದುರಿನ ಗಾಡಿಗೆ ದಾರಿ ಬಿಡಲು ಗೂಡ್ಸ್ ಗಾಡಿಗಳು ಯಲವಿಗಿಯಲ್ಲಿ ತಾಸುಗಟ್ಟಲೆ ನಿಲ್ಲುತ್ತಿದ್ದವು. ಗಾಡಿ ಉದ್ದವಿದ್ದರೆ ಕೊನೆಯ ಡಬ್ಬಿ ಸರಿಯಾಗಿ ಕಾಕಾನ ಗೇಟಿನ ಹತ್ತಿರ ಬರುತ್ತಿತ್ತು. ಅದರಲ್ಲೊಬ್ಬ ಗಾರ್ಡ್ ಸಾಹೇಬರು, ಗೋವಾ ಕಡೆಯವರು, ಮೆಟ್ಟಿಲ ಮೇಲೆ ಕೂತು ಬ್ಲೂಸ್ ಎಂಬ ಅಮೆರಿಕದ ನೋವಿನ ಹಾಡು ನುಡಿಸುತ್ತಿದ್ದರು. ಕಾಕಾ ಕಲಿತದ್ದು ಅವರಿಂದ. ನಿವೃತ್ತಿಯಾಗುವ ದಿನ ಅವರು ಬಾಜಾವನ್ನೇ ಕೊಟ್ಟುಹೋದರು.

"ಬಾಜಾ ಅಂದ್ರ ಒಂದು ಊರು, ತಂಗಿ," ಎನ್ನುತ್ತಿದ್ದರು ಕಾಕಾ. "ಊರು ಒಂದ, ಅಗಸಿ ಬ್ಯಾರೆ ಬ್ಯಾರೆ. ಶಾಲಿ ಹುಡುಗ್ರೆಲ್ಲ ಮೊದಲ್ನೇ ಅಗಸಿಯಿಂದ ಹೋಗ್ತಾವ, ಅಲ್ಲಿ ಎಲ್ಲಾ ಬೆಳಕ. ಬ್ಲೂಸಿನ ಮಂದಿ ಎರಡನೇದರಿಂದ ಹೋಗ್ತಾರ. ಮೂರನೇದರಿಂದ ಹೋದ್ರ ಅದ ಓಣಿ, ಅದ ಮನಿ, ಆದ್ರ ಎಲ್ಲಾದರ ನೆರಳು ಈ ಕಡಿಗೆ ಬಿದ್ದಿರತೈತಿ. ಅದಕ್ಕ ಮೈನರ್ ಅಂತಾರ."

ನಾನು ಹಾರ್ಮೋನಿಯಂ ಸ್ವಲ್ಪ ಕಲಿತವಳು, ಆದ್ದರಿಂದ ನನ್ನ ರೀತಿಯಲ್ಲಿ ಅರ್ಥ ಮಾಡಿಕೊಂಡೆ. ಸ್ವರಗಳು ಅವೇ, ಷಡ್ಜವನ್ನು ಬೇರೆ ತೂತಿನಲ್ಲಿ ಇಟ್ಟುಕೊಂಡರೆ ಗಂಧಾರ ಕೋಮಲವಾಗುತ್ತದೆ, ರಾಗದ ಮುಖವೇ ಬೇರೆಯಾಗುತ್ತದೆ. ಮೂರನೇ ಅಗಸಿಯಲ್ಲಿ ನುಡಿಸಿದರೆ ಊರಿನ ಭಜನೆಯವರಿಗೆ ಕಾಫಿ ರಾಗದಂತೆ ಕೇಳಿಸುತ್ತಿತ್ತಂತೆ. ತೊಡಕೆಂದರೆ ಅಲ್ಲಿ ಷಡ್ಜ ಸಿಗುವುದು ಉಸಿರನ್ನು ಒಳಕ್ಕೆಳೆದಾಗ. ನಾಲ್ಕನೆಯದರಲ್ಲೂ ಹಾಗೆಯೇ. ಪ್ರತಿ ಸಲ ಮನೆಗೆ, ಅಂದರೆ ಷಡ್ಜಕ್ಕೆ, ಬಂದು ನಿಲ್ಲಬೇಕೆಂದರೂ ಎದೆ ತುಂಬ ಎಳೆಯಬೇಕು. ಅವರ ಎದೆ ಈಗ ಎಳೆಯುವುದಕ್ಕೇ ಒಪ್ಪುತ್ತಿರಲಿಲ್ಲ.

"ಐದನೇದು ಒಂದೈತಿ," ಎಂದರು ಒಂದು ಭಾನುವಾರ. "ಗಾರ್ಡ್ ಸಾಹೇಬ್ರು ಹೇಳಿದ್ರು. ಅಲ್ಲಿಂದ ಯಾರೂ ಹೋಗಂಗಿಲ್ಲ, ನಾನೂ ಹೋಗಿಲ್ಲ ಅಂದಿದ್ರು. ರಾತ್ರಿ ಎಲ್ಲಾ ತೂತಾ ತಲ್ಯಾಗ ಎಣಿಸಿದ್ನಿ. ಅದರ ಮನಿ ಊದೋ ಕಡೆ ಐತಿ."

ಐದನೇ ತೂತನ್ನು ಮೆಲ್ಲಗೆ ಊದಿದರು. ಉಸಿರು ಹೊರಗೆ ಹೋಗುತ್ತಿತ್ತು, ಕೆಮ್ಮು ಬರಲಿಲ್ಲ. ಅಲ್ಲೇ ನಿಂತರು. ಆಮೇಲೆ ಆರನೆಯದು, ಏಳನೆಯದು. ಎಳೆಯುವ ಸ್ವರಗಳು ಇದ್ದೇ ಇದ್ದವು, ಆದರೆ ಬಿಸಿ ಚಹಾ ಗುಟುಕರಿಸಿದಷ್ಟು. ಮತ್ತೆ ಊದಿ ಮನೆಗೆ. ಮೂರನೆಯದಕ್ಕಿಂತ ಇದು ಇನ್ನೂ ಕಪ್ಪಗಿತ್ತು, ಆದರೆ ಅಳುವಿನಂತಿರಲಿಲ್ಲ. ಅತ್ತು ಮುಗಿಸಿ ಮುಖ ತೊಳೆದುಕೊಂಡು ಬಂದವರು ಮಾತಾಡಿದ ಹಾಗಿತ್ತು. ಒಳಗೆ ಅಕ್ಕಿ ಆರಿಸುತ್ತಿದ್ದ ನೀಲವ್ವ ಮೊರ ಹಿಡಿದುಕೊಂಡೇ ಬಾಗಿಲಿಗೆ ಬಂದರು. "ಬಂದ್ಲೇನ್ರಿ ನಿಮ್ಮ ಮೊದಲ್ನೇಕಿ?" ಎಂದರು. ಕಾಕಾ ಕಣ್ಣು ತೆರೆಯದೆ ಹುಬ್ಬು ಹಾರಿಸಿದರು.

ಆ ಅಗಸಿಯಲ್ಲೊಂದು ನಾಯಿ ಇತ್ತು. ಐದನೇ ತೂತನ್ನು ಊದಿದರೆ ಮನೆ. ಅದೇ ತೂತನ್ನು ಎಳೆದರೆ ಷಡ್ಜಕ್ಕೆ ಅಂಟಿಕೊಂಡೇ ಇರುವ ಕೋಮಲ ರಿಷಭ. ಹಿಂದೂಸ್ತಾನಿ ಭೈರವಿಗೆ ಅದು ಬೇಕು, ಬ್ಲೂಸಿಗೆ ಬೇಡ. "ಬಾಗ್ಲಾಗ ಮಲಗೇತಿ, ದಾಟಿ ಹೋಗು. ತುಳೀಬ್ಯಾಡ," ಎಂದು ಎಚ್ಚರಿಸಿದ್ದರು. ನಾನು ಪ್ರತಿ ಸಲ ತುಳಿಯುತ್ತಿದ್ದೆ. "ಬೊಗಳ್ತು ನೋಡು!" ಎಂದು ನಕ್ಕು ನಕ್ಕು ಕೆಮ್ಮುತ್ತಿದ್ದರು. "ಎಕ್ಸ್‌ರೇ ತಗಿಯಾಕಿ, ಒಳಗಿಂದೆಲ್ಲಾ ಕಾಣತೈತಿ ನಿನಗ, ಎದುರಿನ ನಾಯಿ ಕಾಣಂಗಿಲ್ಲ!"

ಬ್ಲೂಸಿನ ಹನ್ನೆರಡು ಆವರ್ತಗಳನ್ನು ಅವರು ಕಲಿಸಿದ್ದು ಹೀಗೆ: "ಜಂಗಮಯ್ಯ ಭಿಕ್ಷಾಕ್ಕ ಹನ್ನೆರಡು ಮನಿ ತಿರುಗಿದಂಗ. ಮೊದಲ್ನೇ ನಾಕು ನಿನ್ನ ಓಣಿ. ಐದು, ಆರು ಬಾಜೂ ಓಣಿ. ಏಳು, ಎಂಟು ತಿರುಗಿ ನಿನ್ನ ಓಣಿ. ಒಂಬತ್ತು, ಹತ್ತು ಅದಾವಲ್ಲ, ಆ ಮನಿಯವ್ರು ಬಾಗ್ಲಾ ತಗಿಯಂಗಿಲ್ಲ. ಗೊತ್ತಿದ್ರೂ ಹೋಗಿ ನಿಂತು ಬರ್ಬೇಕು. ನಿಲ್ಲದ ಬಂದ್ರ ಹನ್ನೊಂದಕ್ಕ ಮನಿಗೆ ಬಂದದ್ದು ಬಂದಂಗ ಆಗಂಗಿಲ್ಲ."

ನಾನು ಒಂಬತ್ತು, ಹತ್ತನ್ನು ಓಡಿಸಿಬಿಡುತ್ತಿದ್ದೆ. "ಯಾಕ ಓಡ್ತಿ? ಸಾಲು ನಿಂತೈತೇನು ಹಿಂದ?" ಎಂದರು ಒಮ್ಮೆ. ಅವರು ಸುಮ್ಮನೆ ಅಂದದ್ದು. ನಾನು ಬಾಜಾವನ್ನು ಕೆಳಗಿಟ್ಟೆ. ಆಗ ನಾನು ಮೊದಲ ದಿನದ ಸಂಗತಿ ಹೇಳಿದೆ: ಒಂಬತ್ತು ಜನ, ಚೀಟಿ, ಅವಸರ. ಅವರು ಗೇಟಿದ್ದ ರಸ್ತೆಯ ಕಡೆ ನೋಡಿದರು. ಅವರ ಗೇಟು ಈಗಿಲ್ಲ. ಹಳಿ ಎರಡಾಗಿ, ಅದರ ಕೆಳಗಿನಿಂದ ರಸ್ತೆ ಮಾಡಿದ್ದಾರೆ.

"ಒಮ್ಮೆ ನಾನೂ ಗೇಟ್ ಹಾಕಿ, ಗಾಡಿ ಹೋದಮ್ಯಾಲ ತಗಿಯಾಕ ಮರ್ತು ಬಾಜಾ ನುಡಿಸ್ಕೋಂತ ಕುಂತಿದ್ನಿ," ಎಂದರು. "ಆ ಕಡಿಗೆ ಚಕ್ಕಡ್ಯಾಗ ಒಬ್ಬಾಕಿ ಬಸುರಿ ಇದ್ಲು. ದಾರ್ಯಾಗ ಹಡದ್ಲು. ಕೂಸು ಛಲೋ ಇತ್ತು. ಇರದಿದ್ರ? ಅವತ್ತಿಂದ ಸಿಗ್ನಲ್ ಅಂದ್ರ ಸಿಗ್ನಲ್." ನನ್ನ ಬಾಜಾ ಎತ್ತಿ ಕೈಗೆ ಕೊಟ್ಟು, "ಬಾಗ್ಲಾ ತಗಿಯದ ಮನಿ ಮುಂದ ನಾವಿಬ್ರೂ ನಿಂತೇವಿ. ನುಡಿಸು," ಎಂದರು.

ನಾನು ಒಂದನೇ ಮನೆಯಿಂದ ಮತ್ತೆ ಹೊರಟೆ.

ಕೊನೆಯ ಚಿತ್ರ ತೆಗೆಯುವಾಗ ಅವರನ್ನು ಕುರ್ಚಿಯಲ್ಲಿ ಕೂಡಿಸಿಕೊಂಡು ಬಂದಿದ್ದರು. "ಎಳಿಯೋದು ಆಗಂಗಿಲ್ಲ ತಂಗಿ. ಊದೂದರ ಮ್ಯಾಲ ತಗಿ," ಎಂದರು. ಹಾಗೆಯೇ ತೆಗೆದೆ. ಆರು ಕಂಡವು. ಉಸಿರು ಸಾಲದು, ಮತ್ತೆ ತೆಗೆಯಿರಿ ಎಂದು ವರದಿಯಲ್ಲಿ ಬಂತು. ನಾನು ಮತ್ತೆ ತೆಗೆಯಲಿಲ್ಲ.

ಅದರ ಮರುವಾರ ಮನೆಗೆ ಹೋದಾಗ ಮೂಗಿಗೆ ನಳಿಕೆ ಇತ್ತು, ಮಂಚದ ಪಕ್ಕದಲ್ಲಿ ಆಕ್ಸಿಜನ್ ಯಂತ್ರ ಗುರುಗುಟ್ಟುತ್ತಿತ್ತು. ಬೆಳಗಿನ ಬಿಸಿಲು ಕಾಲ ಮೇಲೆ ಬಿದ್ದಿತ್ತು. ನೀಲವ್ವ ಬೆನ್ನಿಗೆ ಎರಡು ದಿಂಬು ಕೊಟ್ಟರು. ಅವರು ಐದನೇ ಅಗಸಿಯಿಂದ ಹೊರಟರು. ಒಂದೊಂದು ಮನೆಗೆ ಒಂದೇ ಸ್ವರ, ಅದಕ್ಕಿಂತ ಹೆಚ್ಚು ಆಗುತ್ತಿರಲಿಲ್ಲ. ನಾನು ಬೆರಳಲ್ಲಿ ಎಣಿಸುತ್ತಿದ್ದೆ. ಎಂಟಾಯಿತು. ಒಂಬತ್ತರಲ್ಲಿ ನಿಂತರು, ಹತ್ತರಲ್ಲಿ ನಿಂತರು, ಪೂರ್ತಿ ನಿಂತರು. ಹನ್ನೊಂದಕ್ಕೆ ಬಾಜಾ ತುಟಿಯಿಂದ ಜಾರಿತು.

ನಾನು ನನ್ನದನ್ನು ಹಿಡಿದು ಸುಮ್ಮನೆ ಕೂತಿದ್ದೆ. ಅವರ ಸ್ವರವನ್ನು ನಾನು ಮುಗಿಸಬಹುದೇ ಎಂದು ತಿಳಿಯಲಿಲ್ಲ. ಅವರು ನನ್ನ ಕಡೆ ನೋಡಿ, ಬಲಗೈಯನ್ನು ದಿಂಬಿನಿಂದ ಒಂದು ಗೇಣು ಮೇಲೆತ್ತಿ, ಬಾವುಟ ಬೀಸುವ ಹಾಗೆ ಅತ್ತಿತ್ತ ಆಡಿಸಿದರು. ಐದನೇ ತೂತನ್ನು ಊದಿದೆ. ನಾಯಿಯನ್ನು ತುಳಿಯಲಿಲ್ಲ. ಉಸಿರು ಮುಗಿಯುವ ತನಕ ಊದಿದೆ.

"ಹಂಗ," ಎಂದರು.

ಎಂಟು ದಿನಕ್ಕೆ ನೀಲವ್ವ ಫೋನ್ ಮಾಡಿದರು.

ನನ್ನ ಕೆಲಸ ಈಗಲೂ ಅದೇ. ಸಾಲು ಈಗಲೂ ಉದ್ದ. ಹಲಗೆಗೆ ಎದೆ ಒತ್ತಿ ನಿಂತವರಿಗೆ "ಎಳ್ಕೊಳ್ರಿ, ಹಿಡೀರಿ" ಎನ್ನುತ್ತೇನೆ, ಗುಂಡಿ ಒತ್ತುತ್ತೇನೆ. ಆಮೇಲೆ ಮೊದಲು "ಬಿಡ್ರಿ" ಎಂದು ಹೇಳಿ, ಅವರ ಭುಜ ಕೆಳಗಿಳಿಯುವುದನ್ನು ಕಣ್ಣಾರೆ ನೋಡುತ್ತೇನೆ. ಚಿತ್ರ ಬಂದಿದೆಯೋ ಇಲ್ಲವೋ ಎಂದು ಪರದೆಯ ಕಡೆ ತಿರುಗುವುದು ಅದಾದ ಮೇಲೆ.