ಬಣ್ಣ ಬಿಟ್ಟದ್ದು ಸೀರೆಯಲ್ಲ

ಮಾಮಾ, ನನ್ನ ಮದುವೆಯಲ್ಲಿ ಬಣ್ಣ ಬಿಟ್ಟದ್ದು ನೀವು ತಂದ ಸೀರೆಯಲ್ಲ, ನನ್ನ ತಲೆಗೂದಲು. ನನಗದು ಆಗಲೇ ಗೊತ್ತಿತ್ತು. ಗೊತ್ತಿದ್ದೂ ಬಾಯಿ ಬಿಡಲಿಲ್ಲ.

ನೀವು ಈಗ ಇಲ್ಲ. ಆದರೂ ನಿಮಗೇ ಬರೆಯುತ್ತಿದ್ದೇನೆ. ನಾಲ್ಕು ಮಂದಿ ಓದಿದರೆ ಓದಲಿ — ನೀವು ತಲೆ ತಗ್ಗಿಸಿದ್ದೂ ನಾಲ್ಕು ಮಂದಿಯ ಮುಂದೆಯೇ.

ಹುಟ್ಟಿದಾಗಿನಿಂದ ನನ್ನ ಹಣೆಯ ಮೇಲಿನ ಕೂದಲಲ್ಲಿ ಒಂದು ಹಿಡಿಯಷ್ಟು ಬಿಳಿ. ನಿಮ್ಮ ಅವ್ವನಿಗೂ ಹಾಗೇ ಇತ್ತಂತೆ. ಇಂಡಿ ಊರಿನ ನಮ್ಮ ತವರುಮನೆಯಲ್ಲಿ ಅದನ್ನು ಯಾರೂ ಕೊರತೆ ಎಂದಿರಲಿಲ್ಲ. ಕನ್ಯೆ ನೋಡಲು ಬಂದವರೊಬ್ಬರು, "ತೊನ್ನಿನ ಮನೆತನ ಏನ್ರಿ ಇದು?" ಎಂದು ಅವಲಕ್ಕಿಯ ತಾಟು ಬಿಟ್ಟು ಎದ್ದು ಹೋದರು ನೋಡಿ, ಅಂದಿನಿಂದ ಅದು ಕೊರತೆಯಾಯಿತು. ಅವ್ವ ಸೊಲ್ಲಾಪುರದಿಂದ ಕಪ್ಪು ಬಣ್ಣದ ಪುಡಿ ತರಿಸಿದಳು. ಮೊದಲು ಮದರಂಗಿ ಹಚ್ಚುವುದು, ಬಿಳಿ ಕೆಂಪಾದ ಮೇಲೆ ಅದರ ಮೇಲೆ ಕಪ್ಪು. ಬುಡದಲ್ಲಿ ಬಿಳಿ ಇಣುಕುತ್ತಿತ್ತು, ನಡುವೆ ಕೆಂಪು, ತುದಿಗೆ ಕಪ್ಪು. ಬೆವತರೆ ಹಣೆಗೆ ಕಲೆ, ಮಲಗಿದರೆ ತಲೆದಿಂಬಿಗೆ ಕಲೆ. ಅವ್ವನದು ಒಂದೇ ಮಾತು: "ತಿಳಿ ನೀರು ಬರೂತನಾ ತೊಳಿ. ಹೋಗೂ ಬಣ್ಣ ಹೋಗಲಿ. ಉಳಿದದ್ದಷ್ಟ ನಿಂದು."

ಆ ಮಾತು ಕೇಳಿದ್ದರೆ —

ಬಸವನ ಬಾಗೇವಾಡಿಯ ಮನೆತನ ಒಪ್ಪಿತು. ಮದುವೆಯ ಹಿಂದಿನ ದಿನ ಮತ್ತೆ ಬಣ್ಣ ಹಚ್ಚಿದರು. ನಾನು ತೊಳೆಯಲು ಹೋದವಳು ಎರಡು ತಂಬಿಗೆ ಸುರಿದುಕೊಂಡು ನಿಲ್ಲಿಸಿಬಿಟ್ಟೆ. ನೀರು ಇನ್ನೂ ಕಪ್ಪಾಗಿಯೇ ಇಳಿಯುತ್ತಿತ್ತು. ಎಲ್ಲ ಹೋಗಿಬಿಟ್ಟರೆ ಎಂಬ ಹೆದರಿಕೆ. ಅವ್ವನಿಗೆ ಮಾತ್ರ, ತಿಳಿಯಾಯಿತು ಎಂದೆ. ಮೊದಲ ಸುಳ್ಳು ಅದು.

ಮರುದಿನ ಗಂಡಿನ ಮನೆಯಂಗಳದಲ್ಲಿ ಸುರಗಿ ನೀರೆರೆಯುವ ಶಾಸ್ತ್ರ. ನಾಲ್ಕು ಮೂಲೆಗೆ ತಂಬಿಗೆಯಿಟ್ಟು, ದಾರ ಸುತ್ತಿ, ನಡುವೆ ನಮ್ಮಿಬ್ಬರನ್ನು ಮಣೆಯ ಮೇಲೆ ಕೂರಿಸಿದರು. ನನ್ನ ಮೈಮೇಲೆ ನೀವು ತಂದ ಕಡುನೀಲಿ ಇಳಕಲ್ ಸೀರೆ. ಸೋದರಮಾವನ ಸೀರೆಯೆಂದು ಬಂದವರೆಲ್ಲ ಮುಟ್ಟಿ ಮುಟ್ಟಿ ನೋಡಿದ್ದರು. ಮುತ್ತೈದೆಯರು ಎಣ್ಣೆ ಅರಿಶಿನ ತಿಕ್ಕಿ ಬಿಸಿನೀರು ಹೊಯ್ದರು. ನನ್ನ ಕಿವಿಯ ಮಗ್ಗುಲಿನಿಂದ ಏನೋ ಹರಿದು ಭುಜಕ್ಕೆ ಇಳಿಯಿತು. ತಗ್ಗಿದ ಕಣ್ಣಿಗೆ ಮಣೆ ಕಾಣುತ್ತಿತ್ತು — ಅರಿಶಿನದ ನೀರಿನಲ್ಲಿ ಕರಿ ಗೆರೆ.

ಅತ್ತೆಯೂ ನೋಡಿದರು. "ಏನ್ರಿ ಬೀಗ್ರ, ಭಾರಿ ಸೀರಿ ಅಂದಿದ್ರಿ. ಸುರಗಿ ನೀರಿಗೇ ಮಸಿ ಬಿಡಾಕತ್ತೈತಲ್ರಿ."

"ಸಂತ್ಯಾಗ ಕೊಂಡಿರಬೇಕ ಬಿಡವಾ," ಎಂದು ಹಿಂದೆ ಯಾರೋ ನಕ್ಕರು.

ನೀವು ಮುಂದೆ ಬಂದಿರಿ. ಸೀರೆಯನ್ನು ನೋಡಲಿಲ್ಲ, ನನ್ನ ಹಣೆಯನ್ನು ನೋಡಿದಿರಿ. ನಿಮ್ಮ ಅವ್ವ ತಲೆ ಬಾಚಿಕೊಳ್ಳುವುದನ್ನು ಕಂಡು ಬೆಳೆದವರು ನೀವು, ನಿಮಗೆ ಹೇಳಬೇಕೆ?

"ಹೌದ್ರಿ ಅಕ್ಕಾರ," ಎಂದಿರಿ. "ಅಂಗಡಿಯಾಂವ ನನಗ ಟೋಪಿ ಹಾಕ್ಯಾನ. ತಪ್ಪು ನಂದ ಐತಿ." ಹೆಗಲ ಮೇಲಿನ ಹೊಸ ಶಲ್ಯ ತೆಗೆದು ನನ್ನ ತಲೆಗೆ ಹೊದಿಸಿದಿರಿ. "ಕೂಸಿಗೆ ಥಂಡಿ ಆಕ್ಕೈತಿ, ಒಳಗ ಕರಕೊಂಡು ನಡೀರಿ."

ಆಗಲಾದರೂ ನಾನು ಒಂದು ಮಾತು ಹೇಳಬಹುದಿತ್ತು. ಹೇಳಿದ್ದರೆ ಮದುವೆ ಅಲ್ಲಿಯೇ ಮುರಿಯುತ್ತಿತ್ತೋ ಏನೋ — ಇರಲಿ, ಅದನ್ನು ನೆಪ ಮಾಡುವುದಿಲ್ಲ. ಶಲ್ಯದ ಒಳಗೆ ನಾನು ಅಳುತ್ತಿದ್ದೆ. ತವರು ಬಿಡುವ ದುಃಖವೆಂದು ಎಲ್ಲರೂ ಸಮಾಧಾನ ಮಾಡಿದರು.

ಮದುವೆಯ ನಂತರದ ಮೊದಲ ನಾಗರಪಂಚಮಿಗೆ ಮೋರಟಗಿಯ ನಿಮ್ಮ ಮನೆಗೆ ಬಂದಾಗ ಮಾಮಿ ಕೇಳಿದಳು. "ನಿಮ್ಮ ಮಾಮಾ ಅಂಗಡ್ಯಾಗ ಸೆರಗು ತೋಯಿಸಿ, ತಮ್ಮ ಬಿಳಿ ಧೋತರಕ್ಕ ತಿಕ್ಕಿ ನೋಡಿ ತಂದಾರ ತಂಗಿ. ಧೋತರಕ್ಕ ಒಂದು ಕಲಿ ಇಲ್ಲ. ಅದು ಹೆಂಗ ಬಣ್ಣ ಬಿಟ್ಟೀತು?"

"ನನಗೇನು ಗೊತ್ತು ಮಾಮಿ," ಎಂದೆ.

ಕಟ್ಟೆಯ ಮೇಲಿಂದ ನಿಮ್ಮ ದನಿ ಬಂತು: "ಪಂಚಾಯ್ತಿ ಸಾಕು. ಕೂಸಿಗೆ ಉಂಡಿ ಕೊಡು ಮೊದಲ."

ಇವರಿಗೆ — ನನ್ನ ಗಂಡನಿಗೆ — ತಿಂಗಳೊಳಗೇ ಬಿಳಿ ಕೂದಲು ಕಂಡಿತು. ಸೆರಗು ತಲೆಗೆ ಎಳೆದುಕೊಂಡೆ. "ಇದನ್ಯಾಕ ಮುಚ್ಚಿದ್ದಿ? ಚಂದ ಐತಿ," ಎಂದರು, ಅಷ್ಟೇ. ಅಂಥ ಮನುಷ್ಯನ ಜೊತೆ ಬಾಳು ಸಿಕ್ಕಿತು ಮಾಮಾ, ನೀವು ಹೊದಿಸಿದ ಆ ಬಟ್ಟೆಯಿಂದ. ಅತ್ತೆಗೆ ಮಾತ್ರ ಮೊದಲ ಹೆರಿಗೆಯವರೆಗೂ ಕಾಣದಂತೆ ಮುಚ್ಚಿಟ್ಟು, ಬಾಣಂತನದಲ್ಲಿ ಬೆಳ್ಳಗಾಯಿತು ಎಂದು ಹೇಳಿದೆ. ನಂಬಿದರು. ಪಾಪ, ತಲೆಗೆ ಎಣ್ಣೆ ಬಿಸಿ ಮಾಡಿ ಹಚ್ಚಿದರು.

ನನ್ನ ಕೊರತೆ ಹೀಗೆ ಕರಗಿಹೋಯಿತು, ನಿಮ್ಮದು ಉಳಿಯಿತು. ಬಾಗೇವಾಡಿಯ ನಮ್ಮ ಮನೆಯಲ್ಲಿ ಯಾವ ಬಟ್ಟೆ ಬಣ್ಣ ಬಿಟ್ಟರೂ, "ಮೋರಟಗಿ ಸೀರಿ" ಎನ್ನುವುದು ರೂಢಿಯಾಯಿತು. ಎಲ್ಲರ ಜೊತೆ ನಾನೂ ನಗುತ್ತಿದ್ದೆ. ಒಮ್ಮೆ ನೀವು ಶೇಂಗಾದ ಚೀಲ ಹೊತ್ತು ಬಂದಾಗಲೇ ನಮ್ಮ ನಾದಿನಿ ಹಾಗೆಂದಳು. ನೀವೂ ನಕ್ಕಿರಿ. "ಏನ ಮಾಡೂದವಾ, ನಮ್ಮೂರಾಗ ಅರಿವಿ ಬಣ್ಣ ಬಿಡ್ತಾವು, ಮಂದಿ ಬಿಡಂಗಿಲ್ಲ." ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನೋಡಿದ್ದರೆ ನಾನು ಅಲ್ಲೇ ಹೇಳಿಬಿಡುತ್ತಿದ್ದೆನೋ... ಅದಕ್ಕೇ ನೋಡಲಿಲ್ಲವೋ.

ಮೊನ್ನೆ ನಮ್ಮ ಸೊಸೆ ಟವೆಲ್ ಒಣಗಹಾಕುತ್ತ, "ಇದು ಮೋರಟಗಿ ಸೀರಿನ ನೋಡ್ರಿ ಅತ್ತಿ" ಎಂದಳು. ಮುದ್ದೇಬಿಹಾಳದ ಹುಡುಗಿ, ನಿಮ್ಮನ್ನು ಕಂಡವಳೂ ಅಲ್ಲ, ಅದು ನಿಮ್ಮ ಮೇಲಿನ ಮಾತೆಂದು ತಿಳಿದವಳೂ ಅಲ್ಲ. ಅವಳನ್ನು ಕೂರಿಸಿಕೊಂಡು ಎಲ್ಲ ಹೇಳಿದೆ. ಸಂಜೆ ಉಣ್ಣಲು ಕೂತಾಗ ಉಳಿದವರಿಗೂ ಹೇಳಿದೆ. ಯಾರೂ ನಗಲಿಲ್ಲ. ತವರಿಗೆ ಬಂದಿದ್ದ ನಾದಿನಿ ಅರ್ಧ ರೊಟ್ಟಿ ಬಿಟ್ಟು ಕೈ ತೊಳೆದಳು.

ಇನ್ನು ಮಾಮಿ ಒಬ್ಬಳು ಉಳಿದಿದ್ದಾಳೆ. ಜಿಪುಣನ ಹೆಂಡತಿ ಎನ್ನಿಸಿಕೊಂಡು ನಮ್ಮ ಮನೆಯ ಎಷ್ಟೋ ಕಾರ್ಯಗಳಿಗೆ ಬಂದು ಉಂಡು ಹೋದವಳು. ನಾಳೆ ಮುಂಜಾನೆಯ ಬಸ್ಸಿಗೆ ಮೋರಟಗಿಗೆ ಹೋಗುತ್ತೇನೆ. ಅವಳ ಮುಂದೆ ಕೂತು ಇದನ್ನು ಓದುತ್ತೇನೆ. ಬೈದರೆ ಬೈಸಿಕೊಳ್ಳುತ್ತೇನೆ. ಈ ಸಲ ಮಾತು ತಿರುಗಿಸಲು ಕಟ್ಟೆಯ ಮೇಲೆ ನೀವಿರುವುದಿಲ್ಲ.